ಮರಿಮೀನೇ, ಊಟಕ್ಕೆ ಏನಿತ್ತು?

ಮನೆಗೆ ಬಂದ ನೆಂಟರ ಮಗುವನ್ನು ನಾವು ಮೊದಲು ಕೇಳೋದೇ "ಏನು ತಿಂದೆ ಪುಟ್ಟಾ?" ಅಂತ. ಮಗು ಹೇಳುತ್ತೆ. ಹೇಳದಿದ್ದರೆ ಬಾಯಿಯ ಸುತ್ತ ಮೆತ್ತಿಕೊಂಡಿರೋದು ಹೇಳುತ್ತೆ. ಇದೇ ಪ್ರಶ್ನೆಯನ್ನು ಹೊಳೆಯಲ್ಲಿರುವ ಬೆರಳುದ್ದದ ಮೀನಿನ ಮರಿಗೆ ಕೇಳಬೇಕಾದರೆ ಹೇಗೆ?

ಬಹಳ ಕಾಲ ವಿಜ್ಞಾನಿಗಳಿಗೆ ಗೊತ್ತಿದ್ದ ದಾರಿ ಹೆಚ್ಚುಕಮ್ಮಿ ಒಂದೇ. ಹಿಡಿ, ಕೊಲ್ಲು, ಹೊಟ್ಟೆ ಸೀಳು, ಒಳಗಿದ್ದದ್ದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಎಣಿಸು. ಉತ್ತರ ಸಿಗುತ್ತಿತ್ತು, ಉತ್ತರ ಕೊಟ್ಟ ಮೀನು ಉಳಿಯುತ್ತಿರಲಿಲ್ಲ. ಆ ಮೀನನ್ನು ಬದುಕಿಸಿಕೊಂಡೇ ಅದರ ಊಟದ ಲೆಕ್ಕ ಕೇಳೋದನ್ನು ಮನುಷ್ಯರು ಹೇಗೆ ಕಲಿತರು ಅನ್ನೋದೇ ಈ ಬರಹದ ವಿಷಯ. ಇದು ಬರೀ ದಯೆಯ ಕತೆ ಅಂದುಕೊಳ್ಳಬೇಡಿ. ದಯೆ ಬರುವ ಮುಂಚೆ ಬೇರೆ ಕಾರಣಗಳು ಬಂದವು. ಅವು ಇನ್ನೂ ಸ್ವಾರಸ್ಯವಾಗಿವೆ.

ಮೊದಲು, ಮರಿಗಳ ಊಟದ ಚಿಂತೆ ಯಾಕೆ?

ಅಮೆರಿಕದ ಇಲಿನಾಯ್‌ನಲ್ಲಿ ಸ್ಟೀಫನ್ ಫೋರ್ಬ್ಸ್ (೧೮೪೪-೧೯೩೦) ಅಂತ ಒಬ್ಬ ಪ್ರಕೃತಿ ವಿಜ್ಞಾನಿ ಇದ್ದ. ಹಕ್ಕಿಗಳು ಏನು ತಿನ್ನುತ್ತವೆ, ಕೀಟಗಳು ಏನು ತಿನ್ನುತ್ತವೆ, ಮೀನುಗಳು ಏನು ತಿನ್ನುತ್ತವೆ ಅನ್ನೋದನ್ನು ಹುಡುಕುತ್ತಲೇ ಬದುಕಿನ ದೊಡ್ಡ ಭಾಗ ಕಳೆದ. ೧೮೮೦ರಲ್ಲಿ ಮರಿಮೀನುಗಳ ಆಹಾರದ ಬಗ್ಗೆಯೇ ಒಂದು ಪ್ರಬಂಧ ಬರೆದ. ಅದರಲ್ಲಿ ಅವನು ಕಂಡುಕೊಂಡದ್ದು ಕೇಳಲು ಸರಳ, ಆದರೆ ತೂಕ ಇರುವ ಮಾತು. ದೊಡ್ಡವಾದ ಮೇಲೆ ಒಂದು ಜಾತಿ ಮೀನು ಮೀನನ್ನೇ ತಿನ್ನಬಹುದು, ಇನ್ನೊಂದು ಕೆಸರು ಕೆದಕಬಹುದು, ಮತ್ತೊಂದು ಬಸವನಹುಳು ಅಗಿಯಬಹುದು. ಆದರೆ ಮರಿಯಾಗಿದ್ದಾಗ ಹೆಚ್ಚಿನವೆಲ್ಲ ಕೂರುವುದು ಒಂದೇ ಪಂಕ್ತಿಯಲ್ಲಿ. ಬಡಿಸುವುದು ಕಣ್ಣಿಗೆ ಕಾಣಲು ಕಷ್ಟವಾಗುವಂಥ ಪುಟಾಣಿ ಏಡಿಜಾತಿಯ ಜೀವಿಗಳನ್ನು ಮತ್ತು ಕೀಟಗಳ ಮರಿಗಳನ್ನು. ಅಂದರೆ ಆ ಕಣ್ಣಿಗೆ ಕಾಣದ ಜೀವಿಗಳು ಹೋದರೆ ಎಲ್ಲ ಜಾತಿಯ ಮೀನಿಗೂ ಒಟ್ಟಿಗೇ ಉಪವಾಸ.

ಆಗ ಅಲ್ಲಿ ಮೀನು ಮರಿ ಮಾಡಿಸುವ ಕೇಂದ್ರಗಳು ಶುರುವಾಗಿದ್ದ ಕಾಲ. ಮೊಟ್ಟೆ ಒಡೆಸಿ ಮರಿಗಳನ್ನು ದೊಡ್ಡ ಸರೋವರಗಳಿಗೆ ಬಿಡುತ್ತಿದ್ದರು. ಬಿಟ್ಟ ಮರಿ ಮೊದಲ ತುತ್ತಾಗಿ ಏನು ತಿನ್ನುತ್ತೆ ಅಂತ ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ. ಫೋರ್ಬ್ಸ್ ವೈಟ್‌ಫಿಶ್ ಎಂಬ ಮೀನಿನ ಮರಿಗಳ ಮೇಲೆ ಪ್ರಯೋಗ ಮಾಡಿ, ಅವುಗಳ ಮೊದಲ ತುತ್ತು ಸೈಕ್ಲಾಪ್ಸ್, ಡಯಾಪ್ಟೋಮಸ್‌ನಂಥ ಅತಿ ಚಿಕ್ಕ ಜಲಜೀವಿಗಳು ಅಂತ ತೋರಿಸಿದ. ಇದಕ್ಕೆ ಅವನು ಕೊಟ್ಟ ಬೆಲೆ? ಮರಿಗಳ ಜೀವ. ಅದು ಆಗ ಪ್ರಶ್ನೆಯೇ ಆಗಿರಲಿಲ್ಲ. ಲಕ್ಷಗಟ್ಟಲೆ ಮರಿಗಳಲ್ಲಿ ಕೆಲವು ನೂರು ಹೋದರೆ ಯಾರು ಕೇಳ್ತಾರೆ?

ಆಮೇಲೆ ೧೯೧೪. ನಾರ್ವೆಯ ಯೋಹಾನ್ ಯೋರ್ಟ್ ಒಂದು ದೊಡ್ಡ ಪುಸ್ತಕವನ್ನೇ ಬರೆದ. ಉತ್ತರ ಯುರೋಪಿನ ಬೆಸ್ತರಿಗೆ ಒಂದು ವರ್ಷ ಬಲೆ ತುಂಬ ಮೀನು, ಇನ್ನೊಂದು ವರ್ಷ ಬರಿಗೈ ಯಾಕೆ ಅನ್ನೋದು ಅವನ ಪ್ರಶ್ನೆ. ಹೆರಿಂಗ್ ಮೀನಿನ ವಯಸ್ಸು ಎಣಿಸುತ್ತಾ ಹೋದಾಗ, ೧೯೦೪ರಲ್ಲಿ ಹುಟ್ಟಿದ ಮೀನುಗಳೇ ಎಷ್ಟೋ ವರ್ಷಗಳ ಕಾಲ ಬಲೆಗಳಲ್ಲಿ ತುಂಬಿಕೊಂಡಿದ್ದದ್ದು ಕಂಡಿತು. ಒಂದೇ ವರ್ಷದ ಮಕ್ಕಳು ಇಡೀ ಊರನ್ನು ಸಾಕಿದ ಹಾಗೆ! ಹಾಗಾದರೆ ಆ ವರ್ಷ ಮರಿಗಳಿಗೆ ಏನೋ ಒಳ್ಳೆಯದಾಗಿರಬೇಕು. ಯೋರ್ಟ್ ಊಹೆ ಮಾಡಿದ್ದು ಹೀಗೆ: ಮೊಟ್ಟೆಯಿಂದ ಬಂದ ಮರಿಯ ಹೊಟ್ಟೆಗೆ ಅಂಟಿಕೊಂಡಿರುವ ಬುತ್ತಿ ಮುಗಿಯುವ ಹೊತ್ತಿಗೆ ಸರಿಯಾಗಿ ನೀರಲ್ಲಿ ಊಟ ಇರಬೇಕು. ಕೆಲವೇ ದಿನ ತಡವಾದರೂ ಮರಿಗಳು ರಾಶಿರಾಶಿಯಾಗಿ ಸಾಯುತ್ತವೆ. ಸಮುದ್ರದಲ್ಲಿ ಮುಂದಿನ ಐದಾರು ವರ್ಷದ ಮೀನು ಎಷ್ಟು ಅನ್ನೋದು ಆ ಕೆಲವು ದಿನಗಳಲ್ಲೇ ತೀರ್ಮಾನವಾಗಿಬಿಡಬಹುದು. ಈ ಊಹೆಯ ಮೇಲೆ ಇವತ್ತಿಗೂ ವಾದ ನಡೀತಿದೆ. ಆದರೆ ಮರಿಯ ಊಟ ಅನ್ನೋದು ಬರೀ ಕುತೂಹಲದ ವಿಷಯವಲ್ಲ, ಬೆಸ್ತರ ಮನೆಯ ಒಲೆಯ ವಿಷಯ ಅನ್ನೋದು ಅಲ್ಲಿಂದ ಗಟ್ಟಿಯಾಯಿತು.

ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಮೇರಿ ಲೆಬೂರ್ (೧೮೭೬-೧೯೭೧) ಅನ್ನುವ ವಿಜ್ಞಾನಿ ೧೯೧೮ರಿಂದ ೧೯೨೦ರವರೆಗೆ ಮರಿಮೀನುಗಳ ಊಟದ ಮೇಲೆಯೇ ಒಂದರ ಹಿಂದೊಂದು ಪ್ರಬಂಧ ಬರೆದರು. ಬಾಯಿಗೆ ಸಿಕ್ಕಿದ್ದನ್ನೆಲ್ಲ ಮರಿ ನುಂಗುತ್ತೆ ಅನ್ನೋದು ಸುಳ್ಳು, ಅಷ್ಟು ಚಿಕ್ಕ ಮರಿಯೂ ಆರಿಸಿ ತಿನ್ನುತ್ತೆ, ಜಾತಿಗೊಂದು ರುಚಿ ಇದೆ ಅಂತ ಅವರು ತೋರಿಸಿದರು. (ನಮ್ಮ ಮಕ್ಕಳು ಉಪ್ಪಿಟ್ಟು ಪಕ್ಕಕ್ಕೆ ಸರಿಸಿದ ಹಾಗೆ ಅಂತ ಇಟ್ಟುಕೊಳ್ಳಿ.)

ಕೊಯ್ದು ನೋಡೋದು ತಪ್ಪಾ?

ನ್ಯಾಯವಾಗಿ ಹೇಳಬೇಕು ಅಂದರೆ ಎಲ್ಲ ಕಡೆಯೂ ತಪ್ಪಲ್ಲ. ನಮ್ಮ ಕರಾವಳಿಯ ಬೂತಾಯಿಯನ್ನೇ ತಗೊಳ್ಳಿ. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, ೧೯೨೦ರ ದಶಕದಲ್ಲೇ, ಆ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ನಾಯುಡು ಬೂತಾಯಿಯ ಜೀವನಚರಿತ್ರೆ, ಊಟ ಎಲ್ಲ ಅಭ್ಯಾಸ ಮಾಡಿದ್ದರು. ೧೯೫೫ರಲ್ಲಿ ಫ್ರಾಜಿಲೇರಿಯಾ ಓಶಿಯಾನಿಕಾ ಅನ್ನುವ ಒಂದು ಸೂಕ್ಷ್ಮ ಪಾಚಿ ಸಮುದ್ರದಲ್ಲಿ ಹೆಚ್ಚಾದರೆ ಬೂತಾಯಿಯೂ ಹೆಚ್ಚು ಅಂತ ನಾಯರ್ ಮತ್ತು ಸುಬ್ರಹ್ಮಣ್ಯನ್ ಬರೆದರು. ಇಂಥ ಕೆಲಸಕ್ಕೆ ಮೀನನ್ನು ಬೇರೆಯಾಗಿ ಕೊಲ್ಲಬೇಕಾಗಿಲ್ಲ. ದಡಕ್ಕೆ ಬಂದ ಬುಟ್ಟಿಯಲ್ಲಿ ಸತ್ತ ಮೀನು ಹೇಗೂ ಇದೆ. ನಾಲ್ಕು ಮೀನು ಸಾರಿಗೆ, ನಾಲ್ಕು ಮೀನು ವಿಜ್ಞಾನಕ್ಕೆ.

ಕೊಯ್ದು ನೋಡುವ ವಿದ್ಯೆಯೂ ಕಡಿಮೆಯದಲ್ಲ. ಎಣಿಸಬೇಕೇ, ತೂಗಬೇಕೇ, ಎಷ್ಟು ಜಾಗ ತುಂಬಿದೆ ಅಂತ ಅಂದಾಜು ಮಾಡಬೇಕೇ ಅನ್ನೋದೇ ದೊಡ್ಡ ಚರ್ಚೆ. ೧೯೫೦ರಲ್ಲಿ ಹೈನ್ಸ್ ಎಂಬಾತ ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನಿನ ಊಟದ ಬಗ್ಗೆ ಬರೆಯುತ್ತಾ ಇಂಥ ಎಲ್ಲ ವಿಧಾನಗಳನ್ನೂ ಪಕ್ಕಪಕ್ಕ ಇಟ್ಟು ತೂಗಿದ. ಆ ಪ್ರಬಂಧವನ್ನು ಮೀನು ವಿಜ್ಞಾನಿಗಳು ಇಂದಿಗೂ ನೆನೆಯುತ್ತಾರೆ.

ತೊಂದರೆ ಬಂದದ್ದು ಎರಡು ಕಡೆಯಿಂದ. ಒಂದು: ಸತ್ತ ಮೀನು ಒಂದೇ ಒಂದು ಸಲ ಉತ್ತರ ಕೊಡುತ್ತೆ. ಈ ತಿಂಗಳು ಏನು ತಿಂದ ಮರಿ ಮುಂದಿನ ತಿಂಗಳು ಎಷ್ಟು ಬೆಳೆಯಿತು ಅಂತ ತಿಳಿಯಬೇಕಾದರೆ ಅದೇ ಮರಿ ಮತ್ತೆ ಬೇಕು. ಎರಡು: ಮೀನೇ ಬೆರಳೆಣಿಕೆಯಷ್ಟಿದ್ದರೆ? ಅದರ ಬಗ್ಗೆ ಮುಂದೆ ಹೇಳ್ತೀನಿ.

ಗಂಟಲಿಗೆ ನಳಿಗೆ

ಬದುಕಿಸಿಕೊಂಡು ನೋಡುವ ಪ್ರಯತ್ನಗಳು ಮೊದಮೊದಲು ಸ್ವಲ್ಪ ಒರಟಾಗಿಯೇ ಇದ್ದವು. ೧೯೫೪ರಲ್ಲಿ ಲಾರ್ಜ್‌ಮೌತ್ ಬಾಸ್ ಎಂಬ ದೊಡ್ಡ ಬಾಯಿಯ ಮೀನಿನ ಹೊಟ್ಟೆಯೊಳಗೆ ಗ್ಯಾಸ್ಟ್ರೋಸ್ಕೋಪ್, ಅಂದರೆ ನಮ್ಮ ಆಸ್ಪತ್ರೆಗಳಲ್ಲಿ ಹೊಟ್ಟೆಯೊಳಗೆ ಇಣುಕಲು ಬಳಸುವಂಥ ನಳಿಗೆ ಇಳಿಸಿ ನೋಡಿದ ವರದಿ ಬಂತು. ೧೯೫೭ರಲ್ಲಿ ಸೀಬರ್ಗ್ ಎಂಬಾತ ಬದುಕಿರುವ ಮೀನಿನ ಜಠರದಿಂದ ಊಟವನ್ನು ತೆಗೆಯುವ ಒಂದು ಉಪಕರಣವನ್ನು ವಿವರಿಸಿದ. ೧೯೬೯ರಲ್ಲಿ ಇನ್ನೊಬ್ಬರು ಮೀನಿಗೆ ವಾಂತಿ ಬರಿಸುವ ಔಷಧ ಕೊಟ್ಟು ನೋಡಿದರು! ಮೀನಿಗೂ ವಾಂತಿ ಬರುತ್ತೆ ಅನ್ನೋದೇ ನಮಗೆಲ್ಲ ಹೊಸ ಸುದ್ದಿ ಅಲ್ವಾ?

ಇವುಗಳಲ್ಲಿ ಗೆದ್ದದ್ದು ನೀರು. ೧೯೭೭ರಲ್ಲಿ ಫಾಸ್ಟರ್ ಎಂಬಾತ ನೀರನ್ನು ಬಿಟ್ಟುಬಿಟ್ಟು ಚಿಮ್ಮಿಸಿ ಹೊಟ್ಟೆ ತೊಳೆಯುವ ವಿಧಾನ ಬರೆದ. ಮರುವರ್ಷ, ೧೯೭೮ರಲ್ಲಿ, ಮೀಹನ್ ಮತ್ತು ಮಿಲ್ಲರ್ ಇದನ್ನು ಸಾಲ್ಮನ್ ಜಾತಿಯ ಮರಿಗಳ ಮೇಲೆಯೇ ಪರೀಕ್ಷೆಗೆ ಒಡ್ಡಿದರು. ಅವರು ಎರಡು ಪ್ರಶ್ನೆ ಕೇಳಿದರು. ಹೊಟ್ಟೆ ಪೂರ್ತಿ ಖಾಲಿಯಾಗುತ್ತಾ? ಆಮೇಲೆ ಮರಿ ಬದುಕುತ್ತಾ, ಚೆನ್ನಾಗಿರುತ್ತಾ? ಎರಡಕ್ಕೂ ಉತ್ತರ ಸಮಾಧಾನಕರವಾಗಿತ್ತು. ನನ್ನ ಮಟ್ಟಿಗೆ ಈ ಕತೆಯ ತಿರುವು ಇದೇ. ಅಲ್ಲಿಯವರೆಗೆ "ಊಟ ಸಿಕ್ಕಿತೇ" ಅನ್ನೋದು ಮುಖ್ಯ ಪ್ರಶ್ನೆ. ಈಗ "ಮರಿ ಏನಾಯ್ತು" ಅನ್ನೋದೂ ಅದರ ಜೊತೆಗೇ ಅಳೆದು ಬರೆಯಬೇಕಾದ ಲೆಕ್ಕವಾಯಿತು.

ಮಾಡುವ ಕ್ರಮ ಹೀಗಿದೆ. ಮರಿಗೆ ಮೊದಲು ಮತ್ತು ಬರಿಸುತ್ತಾರೆ. ಅದಕ್ಕೆಂದೇ ಎಂಎಸ್-೨೨೨ ಎಂಬ ಪುಡಿ ಇದೆ, ನಮಗೆಲ್ಲ ಹಲ್ಲುನೋವಿಗೆ ಗೊತ್ತಿರುವ ಲವಂಗದ ಎಣ್ಣೆಯನ್ನೂ ಬಳಸುತ್ತಾರೆ. ಮೀನು ಮಗ್ಗುಲಾದ ಮೇಲೆ ಉದ್ದ, ತೂಕ ಬರೆದುಕೊಳ್ಳುತ್ತಾರೆ. ಆಮೇಲೆ ತುದಿ ನಯವಾದ ಸಣ್ಣ ನಳಿಗೆಯನ್ನು ಬಾಯಿಯಿಂದ ಜಠರದವರೆಗೆ ಇಳಿಸಿ, ಸಿರಿಂಜ್‌ನಿಂದಲೋ ಗಿಡಕ್ಕೆ ಔಷಧಿ ಹೊಡೆಯುವಂಥ ಪಂಪಿನಿಂದಲೋ ನೀರು ಬಿಡುತ್ತಾರೆ. ಒಳಗಿದ್ದದ್ದು ನೀರಿನ ಜೊತೆ ಬಾಯಿಂದ ಹೊರಗೆ ಬರುತ್ತೆ. ಕೆಳಗೆ ಹಿಡಿದ ಜರಡಿಯಲ್ಲಿ ಅದು ನಿಲ್ಲುತ್ತೆ, ಆಲ್ಕೋಹಾಲ್ ಇರುವ ಶೀಶೆಗೆ ಹೋಗುತ್ತೆ. ಮರಿ ತಣ್ಣಗಿನ, ಗಾಳಿಯಾಡುವ ನೀರಿನ ಬಕೆಟ್ಟಿಗೆ ಹೋಗುತ್ತೆ. ಎಚ್ಚರವಾಗಿ ನೆಟ್ಟಗೆ ಈಜಿದ ಮೇಲೆ ಹೊಳೆಗೆ. ಕಷ್ಟಪಟ್ಟು ಸಂಪಾದಿಸಿದ ಊಟ ಹೋಯ್ತು, ಜೀವ ಉಳೀತು.

ಇದು ನೋವಿಲ್ಲದ ಕೆಲಸ ಅಂತ ನಾನು ಹೇಳ್ತಿಲ್ಲ. ಕೈ ಒರಟಾದರೆ ಗಂಟಲು ಹರಿಯಬಹುದು. ಬಿಸಿಲಲ್ಲಿ ಕಾದ ನೀರಿನಲ್ಲಿ ಮಾಡಿದರೆ ಬಕೆಟ್ಟಿನಲ್ಲೇ ಮೀನು ಸಾಯಬಹುದು. "ಕೊಲ್ಲದ ವಿಧಾನ" ಅಂದರೆ "ಏನೂ ಆಗದ ವಿಧಾನ" ಅಲ್ಲ. ಮತ್ತೆ, ಈಗಷ್ಟೇ ಮೊಟ್ಟೆಯಿಂದ ಬಂದ, ಸೂಜಿಯಷ್ಟು ತೆಳ್ಳಗಿನ ಮರಿಗೆ ಯಾವ ನಳಿಗೆಯೂ ಹಿಡಿಸೋದಿಲ್ಲ. ಯೋರ್ಟ್ ಕೇಳಿದ ಪ್ರಶ್ನೆ ಇದ್ದದ್ದು ಸರಿಯಾಗಿ ಆ ವಯಸ್ಸಿನ ಮರಿಗಳದ್ದು ಅನ್ನೋದನ್ನು ಮರೆಯಬಾರದು.

ಒಂದೇ ಒಂದು ಮೀನು ಬಂದ ವರ್ಷ

೧೯೭೩ರಲ್ಲಿ ಅಮೆರಿಕದಲ್ಲಿ ಅಳಿವಿನಂಚಿನ ಜೀವಿಗಳ ಕಾಯ್ದೆ ಬಂತು. ಪಟ್ಟಿಯಲ್ಲಿರುವ ಜೀವಿಯನ್ನು ಕೊಲ್ಲುವುದಿರಲಿ, ಹಿಡಿಯುವುದಕ್ಕೂ ಅಪ್ಪಣೆ ಬೇಕು. ವಿಜ್ಞಾನಿಗಳಿಗೂ ಅಷ್ಟೇ. ಸಾಲ್ಮನ್ ಮೀನುಗಳು ಈ ಪಟ್ಟಿಗೆ ಬರಲು ಶುರುವಾದದ್ದು ೧೯೮೦ರ ದಶಕದ ಕೊನೆಗೆ. ೧೯೯೧ರಲ್ಲಿ ಸ್ನೇಕ್ ನದಿಯ ಸಾಕೈ ಸಾಲ್ಮನ್ ಪಟ್ಟಿಗೆ ಸೇರಿತು.

ಈ ಸಾಕೈಗಳ ಊರು ಐಡಹೋ ರಾಜ್ಯದ ರೆಡ್‌ಫಿಶ್ ಸರೋವರ. ಸಮುದ್ರದಿಂದ ಸುಮಾರು ೧,೪೫೦ ಕಿಲೋಮೀಟರ್ ದೂರ, ಸುಮಾರು ೨,೦೦೦ ಮೀಟರ್ ಎತ್ತರ. ಮರಿಗಳು ಒಂದೆರಡು ವರ್ಷ ಸರೋವರದಲ್ಲಿ ಪ್ರಾಣಿ ಪ್ಲವಕಗಳನ್ನು ತಿಂದು ಬೆಳೆದು ಸಮುದ್ರಕ್ಕೆ ಹೋಗುತ್ತವೆ, ದೊಡ್ಡವಾಗಿ ಮೊಟ್ಟೆಯಿಡಲು ಅದೇ ದಾರಿಯಲ್ಲಿ ಹತ್ತಿಕೊಂಡು ಬರುತ್ತವೆ. ನಡುವೆ ದೊಡ್ಡ ದೊಡ್ಡ ಅಣೆಕಟ್ಟುಗಳು. ೧೯೯೧ರಲ್ಲಿ ವಾಪಸು ಬಂದದ್ದು ೪ ಮೀನು. ೧೯೯೨ರಲ್ಲಿ ೧. ಅದೂ ಗಂಡು. ಜನ ಅದಕ್ಕೆ ಲೋನ್ಸಮ್ ಲ್ಯಾರಿ, ಒಂಟಿ ಲ್ಯಾರಿ ಅಂತ ಹೆಸರಿಟ್ಟರು.

ಈಗ ಯೋಚಿಸಿ. ಈ ವಂಶವನ್ನು ಉಳಿಸಬೇಕಾದರೆ ಸರೋವರದಲ್ಲಿ ಮರಿಗಳಿಗೆ ಸಾಕಷ್ಟು ಊಟ ಇದೆಯೇ, ಬೇರೆ ಮೀನುಗಳ ಜೊತೆ ಅದೇ ತಟ್ಟೆಗೆ ಜಗಳವಿದೆಯೇ ಅಂತ ತಿಳಿಯಲೇಬೇಕು. ಆದರೆ ತಿಳಿಯುವುದಕ್ಕಾಗಿ ಐವತ್ತು ಮರಿಗಳನ್ನು ಸೀಳುವ ಹಾಗಿಲ್ಲ. ಫೋರ್ಬ್ಸ್ ಕಾಲದಲ್ಲಿ ಒಂದು ಮರಿ ಅಂದರೆ ಲಕ್ಷದಲ್ಲಿ ಒಂದು. ಇಲ್ಲಿ ಒಂದು ಮರಿ ಅಂದರೆ ವಂಶದ ಒಂದು ಎಳೆ. ಜೀವಿ ಬದಲಾಗಲಿಲ್ಲ, ಪ್ರಶ್ನೆ ಬದಲಾಗಲಿಲ್ಲ, ಅದರ ಬೆಲೆ ಬದಲಾಯಿತು. ವಿಧಾನವೂ ಅದರ ಹಿಂದೆಯೇ ಬದಲಾಯಿತು.

ಈಜುರೆಕ್ಕೆಯ ತುಣುಕು ಹೇಳುವ ಕತೆ

ಹೊಟ್ಟೆ ತೊಳೆದರೆ ಸಿಗುವುದು ಇವತ್ತಿನ ಊಟ ಮಾತ್ರ. ಹಬ್ಬದ ದಿನ ನಮ್ಮ ಮನೆಗೆ ಬಂದು ಎಲೆ ನೋಡಿದವರು "ಇವರು ದಿನಾ ಹೋಳಿಗೆ ತಿಂತಾರೆ" ಅಂತ ಬರೆದುಕೊಂಡು ಹೋದ ಹಾಗೆ. ತಿಂಗಳ ರೇಷನ್ ಲೆಕ್ಕ ಬೇಕಾದರೆ ಬೇರೆ ದಾರಿ ಬೇಕಿತ್ತು.

ಅದನ್ನು ಕೊಟ್ಟವರು ರಸಾಯನ ವಿಜ್ಞಾನಿಗಳು. ಕ್ಯಾಲಿಫೋರ್ನಿಯಾದ ಡಿನೀರೋ ಮತ್ತು ಎಪ್‌ಸ್ಟೀನ್ ೧೯೭೮ರಲ್ಲಿ ಇಂಗಾಲದ ಬಗ್ಗೆ, ೧೯೮೧ರಲ್ಲಿ ಸಾರಜನಕದ ಬಗ್ಗೆ ಎರಡು ಪ್ರಬಂಧ ಬರೆದರು. ಇಂಗಾಲದಲ್ಲೂ ಸಾರಜನಕದಲ್ಲೂ ಮಾಮೂಲಿ ಪರಮಾಣುಗಳ ಜೊತೆ ಸ್ವಲ್ಪ ಭಾರದ ಪರಮಾಣುಗಳು ಬೆರೆತಿರುತ್ತವೆ. ಇವಕ್ಕೆ ಐಸೋಟೋಪ್ ಅನ್ನುತ್ತಾರೆ. ತಿಂದದ್ದೇ ಮೈಯಾಗುವುದರಿಂದ ಊಟದಲ್ಲಿದ್ದ ಭಾರ-ಹಗುರದ ಪ್ರಮಾಣ ತಿಂದವನ ಮೈಯಲ್ಲೂ ಕಾಣಿಸುತ್ತೆ. ಸಾರಜನಕದಲ್ಲಿ ಇನ್ನೊಂದು ವಿಶೇಷ. ಹುಲ್ಲಿನಿಂದ ಹುಳು, ಹುಳುವಿನಿಂದ ಮೀನು ಅಂತ ಒಂದೊಂದು ಮೆಟ್ಟಿಲು ಹತ್ತಿದಾಗಲೂ ಭಾರದ ಪಾಲು ಸಾವಿರಕ್ಕೆ ಮೂರು ನಾಲ್ಕರಷ್ಟು ಏರುತ್ತೆ. ಅಳೆದರೆ ಮೀನು ಯಾವ ಮೆಟ್ಟಿಲಲ್ಲಿ ಕೂತು ಉಂಡಿದೆ ಅಂತ ಗೊತ್ತಾಗುತ್ತೆ.

ಮೊದಲು ಇದಕ್ಕೂ ಮೀನಿನ ಮಾಂಸ ಬೇಕಿತ್ತು, ಅಂದರೆ ಮತ್ತೆ ಸಾವು. ೨೦೦೦ದ ದಶಕದಲ್ಲಿ ಹಲವರು ಮಾಂಸದ ಬದಲು ಈಜುರೆಕ್ಕೆಯ ತುದಿಯ ಚೂರು ಅಥವಾ ಒಂದೆರಡು ಹುರುಪೆ ಸಾಕಾಗುತ್ತಾ ಅಂತ ಹೋಲಿಸಿ ನೋಡಿದರು. ಮಾಂಸಕ್ಕೂ ಈಜುರೆಕ್ಕೆಗೂ ಇರುವ ವ್ಯತ್ಯಾಸವನ್ನು ಲೆಕ್ಕಕ್ಕೆ ತಗೊಂಡರೆ ಸಾಕಾಗುತ್ತೆ ಅಂತ ತಿಳಿಯಿತು. ಉಗುರು ಕತ್ತರಿಸಿ ಕಳಿಸಿದ ಹಾಗೆ. ಚಿನೂಕ್ ಸಾಲ್ಮನ್ ಮರಿಗಳ ಮೇಲೂ ಇದು ನಡೆಯಿತು.

ಆಮೇಲೆ ಡಿಎನ್‌ಎ. ೨೦೦೩ರಲ್ಲಿ ಕೆನಡಾದ ಪಾಲ್ ಹೀಬರ್ಟ್ ಒಂದು ಸಣ್ಣ ಡಿಎನ್‌ಎ ತುಣುಕಿನಿಂದ ಪ್ರಾಣಿಯ ಜಾತಿ ಗುರುತಿಸುವ ಯೋಜನೆ ಮುಂದಿಟ್ಟ. ಅಂಗಡಿಯ ಸಾಮಾನಿನ ಮೇಲಿನ ಬಾರ್‌ಕೋಡ್ ಹಾಗೆ. ಈಗ ಮೀನಿನ ಹಿಕ್ಕೆಯಿಂದಲೋ, ತೊಳೆದು ತೆಗೆದ ಅರೆಜೀರ್ಣ ಗಂಜಿಯಿಂದಲೋ ಏನೇನು ತಿಂದಿತ್ತು ಅಂತ ಹೆಸರು ಹಿಡಿದು ಹೇಳಬಹುದು.

ಆದರೆ ಒಂದೊಂದು ವಿಧಾನಕ್ಕೂ ಒಂದೊಂದು ಕುರುಡು. ತೊಳೆದು ನೋಡಿದರೆ ಏನು, ಎಷ್ಟು ಎರಡೂ ಗೊತ್ತಾಗುತ್ತೆ, ಆದರೆ ಇವತ್ತಿನದು ಮಾತ್ರ. ಐಸೋಟೋಪ್ ತಿಂಗಳುಗಳ ಲೆಕ್ಕ ಕೊಡುತ್ತೆ, ಆದರೆ ಹುಳುವಿನ ಹೆಸರು ಹೇಳೋದಿಲ್ಲ. ಡಿಎನ್‌ಎ ಹೆಸರು ಹೇಳುತ್ತೆ, ಆದರೆ ತೂಕವನ್ನು ಅದರಿಂದ ನಂಬಿ ಹೇಳೋದು ಕಷ್ಟ. ಮರಿಯೇ ತಿಂದದ್ದೋ, ಮರಿ ತಿಂದ ಹುಳು ತಿಂದದ್ದೋ ಅಂತಲೂ ಗೊಂದಲ. ಮೂರನ್ನೂ ಸೇರಿಸಿದರೆ ಒಂದು ಕತೆ. ಸತ್ತ ಮೀನು ಒಂದೇ ಸಲಕ್ಕೆ ಕೊಡುತ್ತಿದ್ದ ಮಾಹಿತಿಯನ್ನು ಬದುಕಿದ ಮೀನಿನಿಂದ ಕಂತಿನಲ್ಲಿ ಪಡೆಯಬೇಕು.

ತಾಯಿಯ ಕಣ್ಣಿನಲ್ಲಿ ಬಾಲ್ಯ

ನನಗೆ ತುಂಬ ಹಿಡಿಸಿದ್ದು ಕ್ಯಾಲಿಫೋರ್ನಿಯಾದ ಈ ಕೆಲಸ. ಸ್ಯಾಕ್ರಮೆಂಟೋ ಪಕ್ಕದಲ್ಲಿ ಯೋಲೋ ಬೈಪಾಸ್ ಅಂತ ಒಂದು ವಿಶಾಲ ಬಯಲು. ನೆರೆ ಬಂದಾಗ ಊರು ಮುಳುಗದಿರಲಿ ಅಂತ ನೀರನ್ನು ಅಲ್ಲಿಗೆ ತಿರುಗಿಸುತ್ತಾರೆ. ಉಳಿದಂತೆ ಭತ್ತದ ಗದ್ದೆಗಳೂ ಇವೆ. ೨೦೦೧ರಲ್ಲಿ ಸೊಮ್ಮರ್ ಮತ್ತು ಸಂಗಡಿಗರು, ಈ ನೆರೆಬಯಲಿಗೆ ಬಂದ ಚಿನೂಕ್ ಮರಿಗಳು ನದಿಯಲ್ಲೇ ಉಳಿದ ಮರಿಗಳಿಗಿಂತ ಬೇಗ ಬೆಳೆಯುತ್ತವೆ ಅಂತ ಬರೆದರು. ನಿಂತ, ಬೆಚ್ಚಗಿನ ನೀರಿನಲ್ಲಿ ಹುಳುಹುಪ್ಪಟೆ ಜಾಸ್ತಿ. ೨೦೧೨ರಿಂದ ಕೊಯ್ಲಾದ ಭತ್ತದ ಗದ್ದೆಗಳಿಗೆ ಚಳಿಗಾಲದಲ್ಲಿ ನೀರು ನಿಲ್ಲಿಸಿ ಮರಿಗಳನ್ನು ಬಿಟ್ಟು ನೋಡಿದರು. ಪ್ಲವಕಗಳಿಂದ ತುಂಬಿದ ಆ ನೀರಿನಲ್ಲಿ ಮರಿಗಳು ದಷ್ಟಪುಷ್ಟವಾದವು.

ಸರಿ, ಬಯಲಲ್ಲಿ ಉಂಡ ಮರಿಗಳಲ್ಲಿ ಎಷ್ಟು ಸಮುದ್ರಕ್ಕೆ ಹೋಗಿ, ದೊಡ್ಡವಾಗಿ ವಾಪಸು ಬಂದವು? ಇದನ್ನು ಮರಿಗಳಿಂದ ಕೇಳಲು ಆಗೋದಿಲ್ಲ. ಆದರೆ ಸಾಲ್ಮನ್ ಮೊಟ್ಟೆಯಿಟ್ಟ ಮೇಲೆ ತಾನಾಗಿಯೇ ಸಾಯುತ್ತೆ. ದಡದಲ್ಲಿ ಬಿದ್ದ ಆ ದೇಹಗಳನ್ನು ಎಣಿಸುವವರು ಹೇಗೂ ಇದ್ದಾರೆ. ಮೀನಿನ ಕಣ್ಣಿನ ಮಸೂರ ಈರುಳ್ಳಿಯ ಹಾಗೆ ಪದರ ಪದರವಾಗಿ ಬೆಳೆಯುತ್ತೆ, ಒಳಗಿನ ಪದರ ಆಮೇಲೆ ಬದಲಾಗೋದಿಲ್ಲ. ಸಿಪ್ಪೆ ಬಿಡಿಸುತ್ತಾ ಒಳಗೆ ಹೋದರೆ ಮರಿಯಾಗಿದ್ದಾಗಿನ ಊಟದ ಗುರುತು! ನೆರೆಬಯಲಿನ ಊಟದಲ್ಲಿ ಗಂಧಕದ ಐಸೋಟೋಪ್ ಪ್ರಮಾಣ ನದಿಯದಕ್ಕಿಂತ ಬೇರೆ. ೨೦೨೧ರಲ್ಲಿ ಪ್ರಕಟವಾದ ಕೆಲಸದಲ್ಲಿ ಬೆಲ್-ಟಿಲ್‌ಕಾಕ್ ಮತ್ತು ಸಂಗಡಿಗರು ಈ ಗುರುತನ್ನು ಬಳಸಿ ಬಯಲಲ್ಲಿ ಬೆಳೆದವರನ್ನು ಬೇರೆ ಮಾಡಬಹುದು ಅಂತ ತೋರಿಸಿದರು. ಕೊಲ್ಲುವ ಮಾತೇ ಇಲ್ಲ. ಬದುಕು ಮುಗಿಸಿದ ತಾಯಿಯ ಕಣ್ಣಲ್ಲಿ ಅವಳ ಬಾಲ್ಯದ ತುತ್ತು ಬರೆದಿದೆ.

ನಮ್ಮ ಹೊಳೆಗಳಿಗೆ?

ಇಲ್ಲೊಂದು ಗಂಟಿದೆ. ಹೊಟ್ಟೆ ತೊಳೆಯುವ ವಿದ್ಯೆ ಬೆಳೆದದ್ದು ಸಾಲ್ಮನ್, ಟ್ರೌಟ್, ಬಾಸ್‌ಗಳ ದೇಶದಲ್ಲಿ. ಅವಕ್ಕೆಲ್ಲ ಚೀಲದಂಥ ಜಠರ ಇದೆ. ನಮ್ಮ ಕಾಟ್ಲಾ, ರೋಹು, ಮಹಶೀರ್ ಎಲ್ಲ ಗೆಂಡೆ ಕುಟುಂಬದವು, ಅವಕ್ಕೆ ಜಠರವೇ ಇಲ್ಲ! ಗಂಟಲಿನಿಂದ ನೇರ ಕರುಳು. ನೀರು ಚಿಮ್ಮಿಸಿದರೆ ಊಟ ಸರಿಯಾಗಿ ಹೊರಗೆ ಬರೋದಿಲ್ಲ. ಇನ್ನೊಂದು ದೇಶದ ಕರುಣೆಯನ್ನೂ ಹಾಗೇ ಆಮದು ಮಾಡಿಕೊಳ್ಳಲು ಆಗೋದಿಲ್ಲ ನೋಡಿ.

ಇದು ದೂರದ ಮಾತಲ್ಲ. ಕಾವೇರಿಯ ಡುಬ್ಬದ ಮಹಶೀರ್ ಮೀನಿನ ವೈಜ್ಞಾನಿಕ ಹೆಸರು ಖಚಿತವಾದದ್ದೇ ೨೦೧೮ರಲ್ಲಿ. ಅದೇ ವರ್ಷ ಅದು ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಮೀನು ಅಂತ ಸೇರಿತು. ಅದರ ಮರಿಗಳ ಊಟ ತಿಳಿಯಲು ಮರಿಗಳನ್ನೇ ಸೀಳುವುದು ಅಂದರೆ ರೆಡ್‌ಫಿಶ್ ಸರೋವರದ ಅದೇ ಇಕ್ಕಟ್ಟು. ಇಲ್ಲಿ ಉಳಿಯುವ ದಾರಿ ಹುರುಪೆ, ಈಜುರೆಕ್ಕೆಯ ಚೂರು, ಹಿಕ್ಕೆ. ಇಂಗ್ಲೆಂಡಿನಲ್ಲಿ ಮಹಶೀರ್‌ನ ದೂರದ ನೆಂಟನಾದ ಬಾರ್ಬೆಲ್ ಮೀನಿನ ಹುರುಪೆಗಳನ್ನು ೨೦೧೦ರ ದಶಕದಲ್ಲಿ ಹೀಗೆ ಪರೀಕ್ಷಿಸಿದಾಗ, ಗಾಳ ಹಾಕುವವರು ನೀರಿಗೆ ಎಸೆಯುವ ಉಂಡೆಗಳೇ ದೊಡ್ಡ ಮೀನುಗಳ ಊಟದಲ್ಲಿ ಒಂದು ಮುಖ್ಯ ಪಾಲು ಅಂತ ಗೊತ್ತಾಯಿತು. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಪುರಿ ಹಾಕುವ ನಾವು ಕೂಡ ಕೇಳಿಕೊಳ್ಳಬಹುದಾದ ಪ್ರಶ್ನೆ ಅದು. ಅಲ್ಲಿ ದೇವರ ಮೀನನ್ನು ಯಾರೂ ಕೊಲ್ಲುವುದಿಲ್ಲ. ಅವುಗಳ ಮೈಯಲ್ಲಿ ಹೊಳೆಯ ಊಟವೆಷ್ಟು, ನಮ್ಮ ಪುರಿ ಎಷ್ಟು? ಒಂದು ಹುರುಪೆಯಿಂದ ತಿಳಿಯಬಹುದಾದ ವಿಷಯ.

ಫೋರ್ಬ್ಸ್, ಲೆಬೂರ್ ಇವರನ್ನು ನಾನು ಕಟುಕರು ಅನ್ನಲಾರೆ. ಅವರು ಸೀಳಿದ ಮರಿಗಳಿಂದಲೇ ಮರಿಗಳ ಹಸಿವು ಎಷ್ಟು ದೊಡ್ಡ ವಿಷಯ ಅಂತ ನಮಗೆ ತಿಳಿದದ್ದು. ಆದರೆ ಅವರ ಕಾಲದ ಹೊಳೆಯಲ್ಲಿ ಮೀನು ಲೆಕ್ಕವಿಲ್ಲದಷ್ಟಿತ್ತು. ನಮ್ಮ ಕಾಲದಲ್ಲಿ ಒಂದೊಂದಕ್ಕೂ ಲೆಕ್ಕ ಇಡಬೇಕಾಗಿದೆ. ಇನ್ನೂ ಸೂಜಿಯಷ್ಟಿರುವ ಮರಿಗಳನ್ನು ಬದುಕಿಸಿ ಕೇಳುವ ಒಳ್ಳೆಯ ದಾರಿ ಸಿಗಬೇಕಿದೆ.

ನಿಮ್ಮೂರ ಹೊಳೆ, ಕೆರೆಯ ಮರಿಮೀನುಗಳು ಏನು ತಿನ್ನುತ್ತವೆ ಅಂತ ಹಿರಿಯರು ಹೇಳಿದ್ದು ಏನಾದರೂ ನೆನಪಿದ್ದರೆ ಬರೆಯಿರಿ. ದಡದಲ್ಲಿ ಕೂತು ನೋಡಿ ತಿಳಿದವರೂ ಬಹಳ ಜನ ಇದ್ದಾರೆ. ಅದಕ್ಕಿಂತ ನೋವಿಲ್ಲದ ವಿಧಾನ ಇನ್ನೊಂದಿಲ್ಲ.